ಒಗೆದು ಮಡಿಸಿಟ್ಟ ಸೀರೆ

ಪುಷ್ಪಮ್ಮನ ಮಡಿಲಲ್ಲಿ ಗಂಡುಮಕ್ಕಳು ನಿಲ್ಲುವುದಿಲ್ಲ ಎಂದು ಭದ್ರಾವತಿಯ ಹಳೇನಗರದ ಓಣಿಯಲ್ಲಿ ಮೂವತ್ತು ವರ್ಷದಿಂದ ಮಾತಿತ್ತು. ಅದಕ್ಕೊಂದು ಕಾರಣ ಸಿಕ್ಕಿದ್ದು ಅವಳ ತಮ್ಮ ಧರ್ಮಪ್ಪನಿಗೆ ಮಲೇರಿಯಾ ಬಂದಾಗ.

ಧರ್ಮಪ್ಪ ಶಿವಮೊಗ್ಗದ ಹೊಸಮನೆಯಲ್ಲಿದ್ದುಕೊಂಡು ಲಾರಿ ಬುಕಿಂಗ್ ಆಫೀಸು ನಡೆಸುತ್ತಿದ್ದ. ಗಟ್ಟಿಮುಟ್ಟಾದ ಆಸಾಮಿ, ಆಸ್ಪತ್ರೆಯ ಮೆಟ್ಟಿಲು ಹತ್ತಿದವನಲ್ಲ. ತೊಂಬತ್ತಾರರ ಮಳೆಗಾಲದಲ್ಲಿ ಮಂಗಳೂರಿಗೆ ಹೋಗಿಬಂದವನು ಚಳಿಜ್ವರದಲ್ಲಿ ನಡುಗುತ್ತ ಮಲಗಿದ. ಜ್ವರವೇನೋ ಔಷಧಿಗೆ ಬಗ್ಗಿತು. ಮತ್ತೆ ಮರುಕಳಿಸದಿರಲೆಂದು ಕೊಟ್ಟ ಎರಡನೆಯ ಬಗೆಯ ಗುಳಿಗೆ ನುಂಗಲು ಶುರುಮಾಡಿದ ಮೇಲೆ ಅವನ ಮೂತ್ರ ಕಾಫಿ ಡಿಕಾಕ್ಷನ್ನಿನ ಬಣ್ಣಕ್ಕೆ ತಿರುಗಿತು, ಕಣ್ಣು ಅರಿಸಿನವಾಯಿತು. ದೊಡ್ಡಾಸ್ಪತ್ರೆಗೆ ಒಯ್ದು, ರಕ್ತ ಕೊಡಿಸಿ ಉಳಿಸಿಕೊಂಡರು. ಅಲ್ಲಿಯ ಡಾಕ್ಟರು ಅವನ ರಕ್ತದಲ್ಲಿದ್ದ ಒಂದು ಹುಟ್ಟುಕೊರತೆಯ ಹೆಸರು ಹೇಳಿದ್ದಲ್ಲದೆ ಒಂದು ಪ್ರಶ್ನೆಯನ್ನೂ ಕೇಳಿದರು. ನಿಮ್ಮ ತಾಯಿಯ ಕಡೆ, ಅಕ್ಕತಂಗಿಯರ ಕಡೆ, ಎಳೆಯ ಗಂಡುಕೂಸುಗಳು ಕಾಮಾಲೆಯಾಗಿ ತೀರಿಕೊಂಡದ್ದುಂಟೆ?

ಉಂಟು, ಎರಡು ಎಂದವಳು ಹಾಸಿಗೆಯ ಪಕ್ಕ ಕೂತಿದ್ದ ಜಯಶೀಲಾ. ಅವಳು ಪುಷ್ಪಮ್ಮನ ಮಗಳು, ಶಿವಮೊಗ್ಗದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರದ ಅಧ್ಯಾಪಕಿ, ಮದುವೆಯಾಗಿ ಒಂದು ವರ್ಷವಾಗಿತ್ತು. ಅವಳಿಗಿಂತ ಮೊದಲು ಹುಟ್ಟಿದ ಅಣ್ಣ, ಅವಳ ಬೆನ್ನಿಗೆ ಹುಟ್ಟಿದ ತಮ್ಮ, ಇಬ್ಬರೂ ತೊಟ್ಟಿಲಿಗೆ ಹಾಕುವ ಮೊದಲೇ ಹಳದಿಯಾಗಿ ಹೋಗಿದ್ದರು. ಉಳಿದವರು ಅವಳು ಮತ್ತು ತಂಗಿ ಸೌಂದರ್ಯ. ಸತ್ತವರಿಗೆ ಹೆಸರಿರಲಿಲ್ಲ. ಮನೆಯಲ್ಲಿ ಅವರ ಮಾತು ಬಂದಾಗ ಪುಷ್ಪಮ್ಮ 'ಆ ಎರಡು' ಎನ್ನುತ್ತಿದ್ದಳು.

ಜಯಶೀಲಾ ಕಾಲೇಜಿಗೆ ವಾಪಸಾದವಳೇ ಪುಸ್ತಕ ತೆರೆದು ಕೂತಳು. ಕೊರತೆಯಿದ್ದದ್ದು ಜಿ-ಸಿಕ್ಸ್-ಪಿ-ಡಿ ಎಂಬ ಒಂದು ಕಿಣ್ವದ್ದು. ಅದನ್ನು ತಯಾರಿಸುವ ಜೀನ್ ಇರುವುದು ಎಕ್ಸ್ ವರ್ಣತಂತುವಿನ ತುದಿಯಲ್ಲಿ. ಹೆಣ್ಣಿಗೆ ಎಕ್ಸ್ ಎರಡಿರುವುದರಿಂದ ಒಂದರಲ್ಲಿ ತಪ್ಪಿದ್ದರೂ ಇನ್ನೊಂದು ಕೈಹಿಡಿಯುತ್ತದೆ. ಗಂಡಿಗೆ ಇರುವುದು ಒಂದೇ. ತಪ್ಪಿರುವ ಎಕ್ಸ್ ತಾಯಿಯಿಂದ ಬಂದರೆ ಅವನಿಗೆ ಬೇರೆ ಆಸರೆಯಿಲ್ಲ. ಕೆಂಪು ರಕ್ತಕಣದ ಪಾಡು ಇನ್ನೂ ಕಷ್ಟದ್ದು. ಅದಕ್ಕೆ ಕೋಶಕೇಂದ್ರವೇ ಇಲ್ಲದ್ದರಿಂದ ಹೊಸ ಪ್ರೋಟೀನು ಕಟ್ಟಿಕೊಳ್ಳಲಾರದು. ಮಜ್ಜೆಯಿಂದ ಹೊರಡುವಾಗ ಕಟ್ಟಿಕೊಂಡ ಬುತ್ತಿಯಲ್ಲೇ ಆಯುಸ್ಸು ಕಳೆಯಬೇಕು. ಮೈತುಂಬ ಆಮ್ಲಜನಕ ಹೊತ್ತು ತಿರುಗುವ ಆ ಕಣವನ್ನು ಆಮ್ಲಜನಕವೇ ಸುಡದಂತೆ ಕಾಯುವುದು ಈ ಕಿಣ್ವದ ಕೆಲಸ. ಕಿಣ್ವ ಕಡಿಮೆಯಿದ್ದರೂ ದಿನನಿತ್ಯದ ಬದುಕು ಸಾಗುತ್ತದೆ. ಹೊರಗಿನಿಂದ ಕೆಲವು ವಸ್ತುಗಳು ಒಳಹೊಕ್ಕಾಗ ಮಾತ್ರ ಕಣಗಳು ರಾಶಿರಾಶಿಯಾಗಿ ಒಡೆಯುತ್ತವೆ. ದೊಡ್ಡವರಾದರೆ ಅವರಿಗೆ ರಕ್ತ ಕೊಟ್ಟು ಉಳಿಸಬಹುದು. ಹಸುಗೂಸಿನಲ್ಲಿ, ಒಡೆದ ಕಣಗಳಿಂದ ಹೊರಟ ಹಳದಿ ಬಣ್ಣ ಮೆದುಳಿಗೇ ಇಳಿಯುತ್ತದೆ.

ತಂದೆ ಓಂಕಾರಪ್ಪನಿಗೆ ಇದನ್ನು ವಿವರಿಸುವುದು ಸುಲಭವಾಯಿತು. ಕಬ್ಬಿಣದ ಕಾರ್ಖಾನೆಯಲ್ಲಿ ಮೆಂಟೆನೆನ್ಸ್ ವಿಭಾಗದಲ್ಲಿ ದುಡಿದು ನಿವೃತ್ತನಾದವನು ಅವನು. ತುಕ್ಕು ಹಿಡಿಯದಂತೆ ಗ್ರೀಸು ಹಚ್ಚುವವನು ರಜೆ ಹಾಕಿದ ಹಾಗೆ, ಎಂದು ಅವನೇ ಮಾತು ಮುಗಿಸಿದ. ಪುಷ್ಪಮ್ಮ ಮಾತ್ರ ಬೇರೆಯದನ್ನೇ ಕೇಳಿದಳು. ತಪ್ಪು ತಾಯಿಯಿಂದ ಬರುತ್ತೆ ಅಂದರೆ ನನ್ನಿಂದಲೇ ಅಲ್ಲವಾ ಎಂದಳು. ತಪ್ಪಲ್ಲ ಅಮ್ಮ, ಇದು ಯಾರೂ ಮಾಡಿದ್ದಲ್ಲ, ಬಂದದ್ದು ಎಂದು ಜಯಶೀಲಾ ಸಮಾಧಾನ ಹೇಳಿದಳು. ಆವತ್ತು ಅದು ನಿಜವೆಂದೇ ಅವಳು ನಂಬಿದ್ದಳು.

ತೊಂಬತ್ತೆಂಟರ ಬೇಸಿಗೆಯಲ್ಲಿ ಅವಳು ಬಸುರಿಯಾದಳು. ಅವಳ ರಕ್ತದ ಪರೀಕ್ಷೆಯಲ್ಲಿ ಕಿಣ್ವ ಅತ್ತ ಸರಿಯೂ ಅಲ್ಲದ ಇತ್ತ ಕೊರತೆಯೂ ಅಲ್ಲದ ನಡುವಿನ ಮಟ್ಟದಲ್ಲಿತ್ತು. ಅಂದರೆ ತಾಯಿಯ ಹಾಗೆ ಅವಳೂ ಆ ಜೀನ್ ಹೊತ್ತವಳೇ. ಮಗು ಗಂಡಾದರೆ ಕೊರತೆಯಿರುವ ಸಾಧ್ಯತೆ ಅರ್ಧಕ್ಕರ್ಧ. ವಿದ್ಯಾನಗರದ ಮನೆಯಲ್ಲಿ ಗಂಡ ಜ್ಞಾನೇಶ್ ಇದನ್ನು ಕೇಳಿ ಒಂದೇ ಮಾತು ಹೇಳಿದ. "ಗೊತ್ತಿಲ್ಲದೆ ಹೋದವು ಆ ಎರಡು. ನಮಗೆ ಗೊತ್ತಿದೆಯಲ್ಲ." ಆ ಮಾತನ್ನೇ ಜಯಶೀಲಾ ಗಟ್ಟಿಯಾಗಿ ಹಿಡಿದಳು. ಏನೇ ಆಗಲಿ, ಮೊದಲ ಕೆಲವು ವಾರ ಮಗುವಿನ ರಕ್ತಕ್ಕೆ ಹಾನಿ ತಟ್ಟದಂತೆ ದಾಟಿಸಿಬಿಟ್ಟರೆ ಆಯಿತು. ಆಮೇಲೆ ಅದು ಧರ್ಮಮಾವನ ಹಾಗೆ ನೆಟ್ಟಗೆ ಬೆಳೆಯುತ್ತದೆ.

ಶಿವಮೊಗ್ಗದ ಮಕ್ಕಳ ತಜ್ಞ ಡಾಕ್ಟರ್ ಮಲ್ಲಿಕ್ ಅವರನ್ನು ಮೊದಲೇ ಕಂಡು ಮಾತಾಡಿದಳು. ಹುಟ್ಟಿದ ಕೂಡಲೇ ಹೊಕ್ಕುಳಬಳ್ಳಿಯ ರಕ್ತ ಪರೀಕ್ಷೆಗೆ ಹೋಗಬೇಕೆಂದು ಗೊತ್ತಾಯಿತು. ಯಾವ ಯಾವ ಔಷಧಿ ಮಗುವಿಗೂ ಹಾಲೂಡುವ ತಾಯಿಗೂ ಕೂಡದು ಎಂಬುದನ್ನು ಬಾಯಿಪಾಠ ಮಾಡಿದಳು. ಬಾಣಂತನ ತವರಲ್ಲೇ ಆಗಬೇಕೆಂದು ಪುಷ್ಪಮ್ಮ ಹಟ ಹಿಡಿದಾಗ ಮಗಳು ತನ್ನ ಷರತ್ತುಗಳನ್ನು ಒಂದೊಂದಾಗಿ ಹೇಳಿದಳು. ಸಲ್ಫಾ ಗುಳಿಗೆ ಮನೆಯಲ್ಲಿರಕೂಡದು. ಮಗುವಿನ ಅಂಗೈ ಅಂಗಾಲಿಗೆ ಗೋರಂಟಿ ಬೇಡ. ಬಟ್ಟೆಯ ನಡುವೆ ಇಡುವ ನುಸಿಗುಳಿಗೆ ಒಂದೂ ಉಳಿಯಕೂಡದು. ಕೆಲವು ದೇಶಗಳಲ್ಲಿ ಒಂದು ಜಾತಿಯ ಅವರೆ ತಿಂದೂ ರಕ್ತ ಒಡೆಯುತ್ತದೆಂದು ಓದಿದ್ದಳು. ನಮ್ಮ ಅವರೆ ಅದೇ ಹೌದೋ ಅಲ್ಲವೋ ಖಚಿತವಿಲ್ಲದ್ದರಿಂದ ಅದನ್ನೂ ಸೇರಿಸಿದಳು.

ಹೆರಿಗೆ ಬಂದದ್ದು ಸರಿಯಾಗಿ ಅವರೆಕಾಯಿಯ ಕಾಲಕ್ಕೆ. ಪುಷ್ಪಮ್ಮ ತನ್ನ ಅಡಿಗೆಮನೆಯಿಂದಲ್ಲದೆ ಗೋಡೆಗೆ ಗೋಡೆ ಹತ್ತಿದ್ದ ಪಕ್ಕದ ಮನೆಯಿಂದಲೂ ಅವರೆಯನ್ನು ಓಡಿಸಿದಳು. ಆ ಮನೆಯಾಕೆ ಇದೇನು ಮಾರಾಯ್ತಿ, ವಾಸನೆಗೂ ಕೂಸು ಹೆದರುತ್ತಾ ಎಂದು ನಕ್ಕಳಂತೆ. ಓಂಕಾರಪ್ಪ ತಟ್ಟೆಯ ಮುಂದೆ ಕೂತು ದಿನಾ ಗೊಣಗುತ್ತಿದ್ದ.

"ಅವರೆಕಾಯಿ ಇಲ್ದೇ ಮಾಗಿ ಕಳೀತಾ ಇದೀನಿ ಕಣೇ, ಜಯಾ. ನಿನ್ನ ಕೂಸು ಮಾತು ಕಲೀಲಿ, ಯಾಕ್ ಹಿಂಗ್ ಮಾಡ್ದೆ ಅಂತ ಅದನ್ನೇ ಕೇಳ್ತೀನಿ."

ನುಸಿಗುಳಿಗೆಯ ವಿಷಯದಲ್ಲೂ ಪುಷ್ಪಮ್ಮ ಮಾತು ತಪ್ಪಲಿಲ್ಲ. ಬೀರು, ಗೋಡೆಗೂಡು, ಮಂಚದ ಕೆಳಗಿನ ಟ್ರಂಕು, ಎಲ್ಲದರಿಂದಲೂ ಬಿಳಿ ಉಂಡೆಗಳನ್ನು ಹೆಕ್ಕಿ, ಕಾಗದದಲ್ಲಿ ಸುತ್ತಿ, ಜಯಶೀಲಾಳ ಕಣ್ಣೆದುರೇ ಹೊರಗೆ ಸಾಗಿಸಿದಳು. ಡಿಸೆಂಬರಿನಲ್ಲಿ ಊರಿನ ನರ್ಸಿಂಗ್ ಹೋಮಿನಲ್ಲಿ ಸುಸೂತ್ರವಾಗಿ ಹೆರಿಗೆಯಾಯಿತು. ಗಂಡು. ಮೈತುಂಬಿದ ಕೂಸು, ಅತ್ತರೆ ಕಾರಿಡಾರಿನ ಆಚೆ ತುದಿಗೆ ಕೇಳುತ್ತಿತ್ತು. ಸೀಸೆಯಲ್ಲಿ ಹಿಡಿದ ಬಳ್ಳಿಯ ರಕ್ತವನ್ನು ಜ್ಞಾನೇಶ್ ತಾನೇ ಶಿವಮೊಗ್ಗಕ್ಕೆ ಒಯ್ದ. ಅಲ್ಲಿಂದ ಅದು ದೊಡ್ಡ ಪ್ರಯೋಗಾಲಯಕ್ಕೆ ಹೋಗಿ ಉತ್ತರ ಬರಲು ಸಮಯ ಬೇಕಿತ್ತು.

ಮನೆಗೆ ಬಂದ ದಿನ ಪುಷ್ಪಮ್ಮ ಬಾಗಿಲಲ್ಲೇ ಮಗುವನ್ನು ಕೈಗೆ ತೆಗೆದುಕೊಂಡಳು. ಅವಳ ತೋಳಿನ ಮೇಲೆ ನೀಲಿ ಚೌಕಳಿಯ, ನೂರು ಸಲ ಒಗೆದು ಬೆಣ್ಣೆಯಂತಾದ ಒಂದು ಹತ್ತಿಬಟ್ಟೆಯಿತ್ತು.

ಅದು ಪುಷ್ಪಮ್ಮನ ತಾಯಿಯ ಸೀರೆ. ಎಳೆಗೂಸಿಗೆ ಹೊಸಬಟ್ಟೆ ಸೋಕಿಸುವುದಿಲ್ಲ. ಮನೆಯ ಹಿರಿಹೆಣ್ಣು ಉಟ್ಟು ಮೆತ್ತಗಾದ ಸೀರೆಯಲ್ಲೇ ಮೊದಲು ಸುತ್ತಬೇಕು, ಅವಳ ಆಯುಸ್ಸು ಅದಕ್ಕೆ ಹತ್ತುತ್ತದೆ ಎಂಬುದು ಅವರ ಕಡೆಯ ನಡಾವಳಿ. ಪುಷ್ಪಮ್ಮ ಮೊದಲ ಬಸುರಿಯಾಗುವ ಮುಂಚೆಯೇ ತಾಯಿ ತೀರಿಕೊಂಡಿದ್ದಳು. ಉಳಿದದ್ದು ಈ ಒಂದು ಸೀರೆ. ಅದನ್ನು ಅವಳು ಟ್ರಂಕಿನಲ್ಲಿಟ್ಟು ಕಾಪಾಡಿದಳು. ತನ್ನ ನಾಲ್ಕು ಮಕ್ಕಳನ್ನೂ ಅದರಲ್ಲೇ ಬರಮಾಡಿಕೊಂಡಳು. ಪ್ರತಿ ಬಾಣಂತನ ಮುಗಿದ ಮೇಲೆ ಅಂಟುವಾಳದಲ್ಲಿ ಒಗೆದು, ನೆರಳಲ್ಲಿ ಒಣಗಿಸಿ, ಮಡಿಸಿ ಒಳಗಿಡುತ್ತಿದ್ದಳು. ಈ ಸಲ ಇಬ್ಬರು ಹೆಣ್ಣುಮಕ್ಕಳಿಗೂ ಸಲ್ಲಲೆಂದು ಅದನ್ನು ನಡುವೆ ಕತ್ತರಿಸಿ ಎರಡು ಪಾಲು ಮಾಡಿದ್ದಳು. ಒಂದು ಜಯಶೀಲಾಳ ಮಗುವಿಗೆ, ಇನ್ನೊಂದು ಸೌಂದರ್ಯಳಿಗೆ ಮುಂದೆ ಹುಟ್ಟುವುದಕ್ಕೆ.

ಸೀರೆ ಒಗೆದದ್ದೇ ಅಲ್ಲವಾ ಅಮ್ಮ ಎಂದು ಜಯಶೀಲಾ ಕೇಳಿದ್ದಳು. ಒಗೆದೇ ಇಟ್ಟಿದ್ದು ಎಂದಳು ಪುಷ್ಪಮ್ಮ. ಕೇಳಿದವಳಿಗೂ ಹೇಳಿದವಳಿಗೂ ಅಷ್ಟು ಸಾಕಾಯಿತು.

ಬಾಣಂತಿಯ ಕೋಣೆ ಕತ್ತಲೆಯದು. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಿಟಕಿಗೆ ಪರದೆ. ಬೆಳಿಗ್ಗೆ ಮಗುವಿಗೆ ಮೈತುಂಬ ಎಣ್ಣೆ ಹಚ್ಚಿ ನೀರು ಹಾಕಿ, ಒರೆಸಿ, ಸಾಂಬ್ರಾಣಿ ಹೊಗೆಯ ಮೇಲೆ ಆಡಿಸಿ, ಆ ಬಟ್ಟೆಯಲ್ಲಿ ಬಿಗಿಯಾಗಿ ಸುತ್ತಿ ಅವಳ ಪಕ್ಕ ಮಲಗಿಸುತ್ತಿದ್ದರು. ಸಾಂಬ್ರಾಣಿ, ಬೆಳ್ಳುಳ್ಳಿ, ಬಜೆ, ಕೆಂಡದ ವಾಸನೆ ಬಿಟ್ಟರೆ ಆ ಕೋಣೆಯಲ್ಲಿ ಮೂಗಿಗೆ ಬೇರೇನೂ ಬರುತ್ತಿರಲಿಲ್ಲ. ಚಳಿಗೆ ಅವಳ ಮೂಗೂ ಕಟ್ಟಿತ್ತು.

ಎರಡು ದಿನ ಕಳೆದ ಮೇಲೆ ಮಗುವಿನ ಮೂಗಿನ ತುದಿ ಹಳದಿಯಾದಂತೆ ಕಂಡಿತು. ಈಗಲೇ ಶಿವಮೊಗ್ಗಕ್ಕೆ ಹೋಗೋಣ ಎಂದವಳು ಪುಷ್ಪಮ್ಮ. ಜಯಶೀಲಾ ಮಗುವನ್ನು ಕಿಟಕಿಯ ಬೆಳಕಿಗೆ ಹಿಡಿದು, ಎದೆಯ ಚರ್ಮವನ್ನು ಬೆರಳಿನಿಂದ ಒತ್ತಿ ನೋಡಿ, ಪಾಠ ಮಾಡುವವಳ ಹಾಗೆ ಲೆಕ್ಕ ಹಾಕಿದಳು. ಎಷ್ಟೋ ಎಳೆಗೂಸುಗಳಿಗೆ ಈ ಹೊತ್ತಿಗೆ ಇಷ್ಟು ಹಳದಿ ಸಹಜ. ಕೊರತೆಯಿದ್ದರೂ ಪ್ರಚೋದಿಸುವ ವಸ್ತು ಬೇಕು. ಅಂಥ ವಸ್ತು ಈ ಮನೆಯಲ್ಲಿ ಒಂದೂ ಇಲ್ಲ. ಆದ್ದರಿಂದ ಇದು ಸಾಮಾನ್ಯದ್ದು. ಚಳಿಯಲ್ಲಿ, ಬಸ್ಸಿನ ಧೂಳಿನಲ್ಲಿ ಹಸಿಮೈಯ ಕೂಸನ್ನು ಒಯ್ದು ಸೋಂಕು ತಗುಲಿಸುವುದು ಬೇಡ, ನಾಳೆ ನೋಡೋಣ ಎಂದಳು. ಲೆಕ್ಕದಲ್ಲಿ ಎಲ್ಲೂ ತಪ್ಪಿರಲಿಲ್ಲ. ಮನೆಯಲ್ಲಿ ಏನೂ ಇಲ್ಲ ಎಂಬ ಒಂದು ಸಾಲನ್ನು ಬಿಟ್ಟು.

ಮರುದಿನ ಮಗು ಹಾಲು ಹಿಡಿಯಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ಅಳು ಬದಲಾಯಿತು. ತಗಡಿನ ಮೇಲೆ ಮೊಳೆ ಎಳೆದಂತಹ ಸಣ್ಣ, ಎತ್ತರದ ಸ್ವರ. ಕುತ್ತಿಗೆ ಹಿಂದಕ್ಕೆ ಸೆಟೆದು ಬೆನ್ನು ಬಿಲ್ಲಾಯಿತು. ಓಂಕಾರಪ್ಪ ಬರಿಗಾಲಲ್ಲೇ ಓಡಿಹೋಗಿ ಅಂಬಾಸಿಡರ್ ಟ್ಯಾಕ್ಸಿ ತಂದ. ಶಿವಮೊಗ್ಗದವರೆಗೂ ಪುಷ್ಪಮ್ಮ ಮಗುವನ್ನು ಚೌಕಳಿ ಬಟ್ಟೆಯಲ್ಲಿ ಇನ್ನಷ್ಟು ಬಿಗಿಯಾಗಿ ಸುತ್ತಿ ಎದೆಗೊತ್ತಿಕೊಂಡು, ಶಿವಾ ಶಿವಾ ಎನ್ನುತ್ತಿದ್ದಳು.

ಡಾಕ್ಟರ್ ಮಲ್ಲಿಕ್ ಒಂದು ನೋಟದಲ್ಲೇ ರಕ್ತ ಬದಲಿಸಬೇಕೆಂದರು. ಮಗುವಿನ ರಕ್ತವನ್ನು ಹೊಕ್ಕುಳ ನಾಳದಿಂದ ಸ್ವಲ್ಪ ಸ್ವಲ್ಪವಾಗಿ ತೆಗೆಯುತ್ತ ಅಷ್ಟಷ್ಟೇ ಬೇರೆ ರಕ್ತ ಕೊಡುವ ಕೆಲಸ ಅದು. ನರ್ಸು ಬಟ್ಟೆ ಬಿಚ್ಚಿ ಪಕ್ಕದ ಮೇಜಿನ ಮೇಲೆ, ಹೀಟರಿನ ಹತ್ತಿರ ಇಟ್ಟಳು. ಜಯಶೀಲಾ ಗೋಡೆಗೆ ಒರಗಿ ನಿಂತಿದ್ದಳು. ಈ ಕೋಣೆಯಲ್ಲಿ ಸಾಂಬ್ರಾಣಿಯಿರಲಿಲ್ಲ. ಹೀಟರಿನ ಬಿಸಿ ಬಟ್ಟೆಗೆ ತಾಗುತ್ತಿದ್ದಂತೆ ಕಟ್ಟಿದ್ದ ಅವಳ ಮೂಗಿಗೂ ಒಂದು ವಾಸನೆ ಬಂದಿತು.

ಪಿಯುಸಿಯ ರಸಾಯನ ಪ್ರಯೋಗಾಲಯದ ವಾಸನೆ. ಪಿಂಗಾಣಿ ಬಟ್ಟಲಿನಲ್ಲಿ ನ್ಯಾಫ್ತಲಿನ್, ಅಂದರೆ ನುಸಿಗುಳಿಗೆಯ ಪುಡಿ, ಇಟ್ಟು, ಮೇಲೆ ಆಲಿಕೆ ಬೋರಲು ಹಾಕಿ ಕಾಯಿಸಿದರೆ ಅದು ಕರಗಿ ನೀರಾಗುವ ಮುನ್ನವೇ ಆವಿಯಾಗಿ ಏರಿ, ತಣ್ಣನೆಯ ಗಾಜಿಗೆ ಬಿಳಿ ಹರಳಾಗಿ ಹತ್ತುತ್ತದೆ. ಉಂಡೆ ಸವೆದು ಮಾಯವಾಗುತ್ತದಲ್ಲ, ಅದು ಎಲ್ಲಿಗೂ ಹೋಗಿರುವುದಿಲ್ಲ. ಮುಚ್ಚಿದ ಟ್ರಂಕಿನಲ್ಲಿ ಮೂವತ್ತು ವರ್ಷ ಅದು ಹೋಗಲು ಇದ್ದದ್ದು ಒಂದೇ ಜಾಗ, ಬಟ್ಟೆ. ಎಣ್ಣೆಯಲ್ಲಿ ಅದು ಚೆನ್ನಾಗಿ ಕರಗುತ್ತದೆ. ಎಣ್ಣೆ ಹಚ್ಚಿದ ಎಳೆಯ ಚರ್ಮದಲ್ಲಿ ಸಲೀಸಾಗಿ ಇಳಿಯುತ್ತದೆ.

ಡಾಕ್ಟರೂ ತಲೆಯೆತ್ತಿದರು. ಬಟ್ಟೆಯನ್ನು ಮೂಗಿನ ಹತ್ತಿರ ಹಿಡಿದು ಅವಳ ಕಡೆ ನೋಡಿ, ಇದು ಯಾವಾಗಿನಿಂದ ಮೈಮೇಲಿತ್ತೆಂದು ಕೇಳಿದರು. ಮನೆಗೆ ಬಂದಾಗಿನಿಂದ ಎಂದಳು. ಹೊರಗೆ ಬೆಂಚಿನ ಮೇಲೆ ಕೂತಿರುವ ನಿಮ್ಮ ತಾಯಿಗೆ ನಾನೇ ಹೇಳಲೇ ಎಂದು ಅವರು ಕೇಳಿದಾಗ ಜಯಶೀಲಾ ತಲೆಯಾಡಿಸಿದಳು.

"ಬೇಡ ಸರ್. ಇದೇ ಬಟ್ಟೇಲಿ ಅವರು ಇನ್ನೂ ಇಬ್ಬರನ್ನ ಸುತ್ತಿದ್ದಾರೆ."

ಮಗು ಬದುಕಿತು. ಎರಡು ಸಲ ರಕ್ತ ಬದಲಾಯಿಸಿ, ನೀಲಿ ಬೆಳಕಿನಡಿ ಮಲಗಿಸಿ, ಅದನ್ನು ಉಳಿಸಿ ಕೊಟ್ಟರು. ಕಿಣ್ವದ ಕೊರತೆ ಇದೆಯೆಂಬ ಉತ್ತರ ಆಮೇಲೆ ನಿಧಾನವಾಗಿ ಬಂತು. ಮಧು ಎಂದು ಹೆಸರಿಟ್ಟರು. ತಲೆ ನಿಲ್ಲಬೇಕಾದ ತಿಂಗಳಲ್ಲಿ ತಲೆ ನಿಲ್ಲಲಿಲ್ಲ. ಕೈಗಳು ಏನನ್ನೋ ಹಿಂಡುತ್ತಿರುವ ಹಾಗೆ ತಮ್ಮಷ್ಟಕ್ಕೆ ತಿರುಚಿಕೊಳ್ಳುತ್ತಿದ್ದವು. ದೀಪ ತೋರಿಸಿದರೆ ಕಣ್ಣು ಅತ್ತಿತ್ತ ಹೊರಳುತ್ತಿತ್ತು, ಮೇಲಕ್ಕೆ ಏರುತ್ತಿರಲಿಲ್ಲ. ಓಂಕಾರಪ್ಪ ಬೆನ್ನ ಹಿಂದೆ ನಿಂತು ಹಿತ್ತಾಳೆ ತಟ್ಟೆ ಬಡಿದ. ಮಗು ತಿರುಗಲಿಲ್ಲ. ಇನ್ನೂ ಜೋರಾಗಿ ಬಡಿದ. ಮೈಸೂರಿಗೆ ಹೋಗಿ ಕಿವಿಯ ಪರೀಕ್ಷೆ ಮಾಡಿಸಿ ಬಂದರು. ಅಲ್ಲಿ ಹೇಳಿದ್ದು ಓಂಕಾರಪ್ಪನಿಗೆ ತಟ್ಟೆ ಹೇಳಿದ್ದನ್ನೇ.

ಕಾಲೇಜಿಗೆ ಮರಳಿದ ಮೇಲೆ ಒಂದು ದಿನ ಸಸ್ಯಶಾಸ್ತ್ರದ ಸಹೋದ್ಯೋಗಿಯನ್ನು ಜಯಶೀಲಾ ಸುಮ್ಮನೆ ಕೇಳಿದಳು. ಆ ದೇಶಗಳ ಅವರೆಯೇ ಬೇರೆ, ನಮ್ಮದೇ ಬೇರೆ, ನಮ್ಮದರಿಂದ ಅಂಥದ್ದೇನೂ ಆಗುವುದಿಲ್ಲ ಎಂದು ಆಕೆ ಹೇಳಿದಳು. ಜಯಶೀಲಾಳಿಗೆ ನಗು ಬಂತು. ಸ್ಟಾಫ್ ರೂಮಿನವರೆಲ್ಲ ತಿರುಗಿ ನೋಡುವ ತನಕ ಅದು ನಿಲ್ಲಲಿಲ್ಲ.

ಪುಷ್ಪಮ್ಮ ಎಲ್ಲವನ್ನೂ ರಕ್ತದ ಮೇಲೆ ಹಾಕಿಕೊಂಡು ಕೂತಿದ್ದಳು. ನನ್ನ ಅವ್ವನಿಂದ ನನಗೆ, ನನ್ನಿಂದ ನಿನಗೆ, ನಿನ್ನಿಂದ ಅದಕ್ಕೆ ಎಂದು ಬಂದವರಿಗೆಲ್ಲ ಹೇಳುತ್ತಿದ್ದಳು. ಆ ಮಾತಿನಲ್ಲಿ ಅಳುವಿದ್ದರೂ ಒಂದು ಆಸರೆಯೂ ಇತ್ತು. ರಕ್ತದ ತಪ್ಪು ಕೈಯಿಂದ ಮಾಡಿದ್ದಲ್ಲ. ಜಯಶೀಲಾ ಆ ಆಸರೆಯನ್ನು ಕಿತ್ತುಕೊಳ್ಳಲಿಲ್ಲ. ಜ್ಞಾನೇಶನಿಗೆ ಮಾತ್ರ ಹೇಳಿದಳು. ಅವನು ಮುಚ್ಚಿಡು ಎಂದ.

ಮುಚ್ಚಿಡುವ ಹಾಗಿರಲಿಲ್ಲ. ಮದುವೆಯಾಗಿ ಹೋಗಿದ್ದ ಸೌಂದರ್ಯ ಬಸುರಿಯಾದಳು. ಮಳೆಗಾಲ ಮುಗಿಯುವ ಹೊತ್ತಿಗೆ ಅವಳಿಗೆ ದಿನ. ಅವಳೂ ಈ ಜೀನ್ ಹೊತ್ತಿರಬಹುದು, ಅವಳಿಗೂ ಗಂಡಾಗಬಹುದು. ಸೀರೆಯ ಇನ್ನೊಂದು ಪಾಲು ಟ್ರಂಕಿನಲ್ಲಿತ್ತು. ಜಯಶೀಲಾ ತಂಗಿಗೆ ಫೋನಿನಲ್ಲಿ ಆಸ್ಪತ್ರೆಯ ಬಟ್ಟೆಯನ್ನಷ್ಟೇ ಬಳಸು ಎಂದಳು. ಸೌಂದರ್ಯ ಹೂಂಗುಟ್ಟಿದಳು. ಆದರೆ ಬಾಣಂತಿಯ ಕೋಣೆಯಲ್ಲಿ ಯಾವ ಬಟ್ಟೆ ಎಂದು ನಿರ್ಧರಿಸುವವಳು ಬಾಣಂತಿಯಲ್ಲ. ಆ ಸೀರೆ ಬೇಡ ಎಂದು ತಾಯಿಗೆ ಹೇಳಬೇಕು. ಹೇಳಿದರೆ ಯಾಕೆಂದು ಕೇಳುತ್ತಾಳೆ. ಯಾಕೆಂದರೆ ಎಂದು ಬಾಯಿ ತೆರೆದರೆ ಆ ಎರಡು ಮಕ್ಕಳು ಎದುರು ಬಂದು ನಿಲ್ಲುತ್ತವೆ.

ಅದಕ್ಕೇ ಅವಳು ಹೇಳದೆ ಮಾಡುವ ದಾರಿ ಹುಡುಕಿದಳು. ಶ್ರಾವಣದ ಒಂದು ಬೆಳಿಗ್ಗೆ ಮಧುವನ್ನು ಎತ್ತಿಕೊಂಡು ಬಸ್ಸಿನಲ್ಲಿ ಭದ್ರಾವತಿಗೆ ಹೋದಳು. ಪುಷ್ಪಮ್ಮ ಸೌಂದರ್ಯಳ ಬಾಣಂತನಕ್ಕೆ ಮೆಣಸು, ಧನಿಯ ಹುರಿದು ಇಟ್ಟುಕೊಂಡಿದ್ದಳು. ಮಗಳಿಗೆ ಕಾಫಿ ಕೊಟ್ಟು, ಮೊಮ್ಮಗನ ಕೆನ್ನೆ ಸವರಿ, ಖಾರ ಬೀಸಿಸಿಕೊಂಡು ಬರುತ್ತೇನೆಂದು ಡಬ್ಬಿ ಹಿಡಿದು ಮಿಲ್ಲಿಗೆ ಹೊರಟಳು. ಓಂಕಾರಪ್ಪ ಮಧುವನ್ನು ತೊಡೆಯ ಮೇಲೆ ಹಾಕಿಕೊಂಡು ಜಗುಲಿಯಲ್ಲಿ ಕೂತ.

ಟ್ರಂಕಿಗೆ ಬೀಗವಿರಲಿಲ್ಲ. ಎಲ್ಲಕ್ಕಿಂತ ಕೆಳಗೆ, ಟವೆಲಿನಲ್ಲಿ ಸುತ್ತಿದ ನೀಲಿ ಚೌಕಳಿ. ಮಧುವಿನ ಬಾಣಂತನ ಹಾಗೆ ಮುಗಿದ ಮೇಲೆ ಅಮ್ಮ ಮತ್ತೆ ಹೊಸ ಗುಳಿಗೆ ತಂದು ಹಾಕಿದ್ದಳು. ಜಯಶೀಲಾ ಬಟ್ಟೆಯನ್ನು ಬಚ್ಚಲಿಗೆ ಒಯ್ದು ಹಂಡೆಯ ಒಲೆಗೆ ತುರುಕಿದಳು. ಅದು ಕೂಡಲೇ ಹತ್ತಿಕೊಳ್ಳಲಿಲ್ಲ. ಮಡಿಕೆ ಮಡಿಕೆಯಾಗಿ ಕಪ್ಪಗೆ ಹೊಗೆಯಾಡಿತು. ಅವಳು ಊದುಕೊಳವೆಯಿಂದ ಊದಿದಳು. ಮಿಲ್ಲಿನಲ್ಲಿ ಕರೆಂಟು ಇಲ್ಲದೆ ಪುಷ್ಪಮ್ಮ ಡಬ್ಬಿ ಅಲ್ಲೇ ಇಟ್ಟು ವಾಪಸು ಬಂದದ್ದು ಅವಳಿಗೆ ಗೊತ್ತಾಗಲಿಲ್ಲ. ಬಾಗಿಲಲ್ಲಿ ನೆರಳು ಬಿದ್ದಾಗ ತಿರುಗಿದಳು.

"ಅದು ಸೌಂದರ್ಯನ ಪಾಲಿಂದು," ಎಂದಳು ಪುಷ್ಪಮ್ಮ. ಒಲೆಯ ಬಾಯಲ್ಲಿ ಅಂಚು ಇನ್ನೂ ಕಾಣುತ್ತಿತ್ತು.

ದಾರಿಯುದ್ದಕ್ಕೂ ಯೋಚಿಸಿಕೊಂಡು ಬಂದಿದ್ದ ಸುಳ್ಳನ್ನು ಜಯಶೀಲಾ ಹೇಳಿದಳು. "ನುಸಿ ತಿಂದಿತ್ತಮ್ಮ. ತೂತು ಬಿದ್ದಿತ್ತು. ಕೂಸಿಗೆ ಯಾಕೆ ಅಂತ."

"ಸುಳ್ಳು. ಮೂವತ್ತು ವರ್ಷದಿಂದ ಒಂದು ನುಸಿ ಮುಟ್ಟಿಲ್ಲ ಅದನ್ನ. ಒಂದು ವರ್ಷನೂ ಗುಳಿಗೆ ತಪ್ಪಿಸಿಲ್ಲ ನಾನು."

ಹೇಳುತ್ತ ಹೇಳುತ್ತ ಅವಳ ಮಾತು ನಿಂತಿತು. ಜಯಶೀಲಾ ಒಲೆಯ ಕಡೆ ತಿರುಗಿ ಊದತೊಡಗಿದಳು.

"ಗುಳಿಗೆ ತೆಗೀ ಅಂತ ನೀನಂದಿದ್ದೆ. ತೆಗೆದಿದ್ದೆನಲ್ಲೇ."

"ಹೌದು, ನೀನು ತೆಗೆದಿದ್ದೆ ಅಮ್ಮ."

"ತೆಗೆದ ಮೇಲೂ ಬಟ್ಟೇಲಿ ಉಳಿಯುತ್ತಾ ಅದು?"

ಜಯಶೀಲಾ ಊದುಕೊಳವೆ ಕೆಳಗಿಟ್ಟಳು. ಪುಷ್ಪಮ್ಮ ಬಚ್ಚಲಿನ ಹೊಸಿಲ ಮೇಲೆ ಕೂತಳು. ಬಲಗೈಯಿಂದ ಎಡಗೈಯ ಬೆರಳುಗಳನ್ನು ಒಂದೊಂದಾಗಿ ಒತ್ತಿಕೊಂಡಳು.

"ಧರ್ಮನ್ನ ಇದೇ ಸೀರೇಲಿ ಕಟ್ಕೊಂಡು ಓಣಿಯೆಲ್ಲ ಸುತ್ತಿಸಿದೀನಿ. ಅವನಿಗೇನೂ ಆಗ್ಲಿಲ್ಲ."

"ಆಗ ಅಜ್ಜಿ ಉಡ್ತಿದ್ರು. ಟ್ರಂಕಲ್ಲಿ ಇರ್ಲಿಲ್ಲ."

"ಹೂಂ. ದಿನಾ ಹೊಳೇಲಿ ಒಗೆದು ಬಿಸಿಲಿ​ಗೆ ಹಾಕೋಳು." ಸ್ವಲ್ಪ ಹೊತ್ತು ಬಿಟ್ಟು, "ಹಂಗಾದ್ರೆ ಆ ಎರಡು..." ಎಂದಳು.

"ರಕ್ತದಲ್ಲಿ ಕೊರತೆ ಇತ್ತಮ್ಮ. ಅದಕ್ಕೇ ಆಗಿದ್ದು. ನಾನೂ ಮಧುನ ಒಂದು ದಿನ ಸುಮ್ನೆ ಇಟ್ಕೊಂಡೆ, ನೀನು ಹೋಗೋಣ ಅಂದ್ರೂ."

"ಕೊರತೆ ಧರ್ಮಂಗೂ ಇತ್ತಲ್ಲೇ," ಎಂದಳು ಪುಷ್ಪಮ್ಮ.

ಪುಷ್ಪಮ್ಮ ಎದ್ದು ಬಂದು, ಮಗಳನ್ನು ಪಕ್ಕಕ್ಕೆ ಸರಿಸಿ, ಒಲೆಯ ಮುಂದೆ ಕುಕ್ಕರಗಾಲಲ್ಲಿ ಕೂತಳು. ಕೊಳ್ಳಿಯಿಂದ ಬಟ್ಟೆಯನ್ನು ಒಳಕ್ಕೆ ತಳ್ಳಿದಳು. ಅಂಚು ಹತ್ತಿಕೊಂಡು ಉರಿಯಿತು. ಅವಳು ಅಳಲಿಲ್ಲ. ಹೊಗೆಗೆ ಕಣ್ಣು ಕೆಂಪಾದರೂ ಮುಖ ತಿರುಗಿಸಲಿಲ್ಲ. ಮೊದಲನೆಯದು ಸಾಯುವಾಗ ಚಳಿ ಅಂತ ಎರಡು ಸುತ್ತು ಸುತ್ತಿದ್ದೆ ಎಂದು ಒಂದು ಸಲ ಹೇಳಿದಳು, ಒಲೆಗೆ ಹೇಳಿದಂತೆ. ಜಗುಲಿಯಿಂದ ಓಂಕಾರಪ್ಪ ಏನಾಯಿತೆಂದು ಕೂಗಿ ಕೇಳಿದ.

ಸೌಂದರ್ಯಳಿಗೆ ನವರಾತ್ರಿಯ ಮುಂದೆ ಗಂಡುಮಗುವಾಯಿತು. ಶಿವಮೊಗ್ಗದಲ್ಲೇ ಹೆರಿಗೆ ಮಾಡಿಸಿದರು. ಆಸ್ಪತ್ರೆಯ ಬಿಳಿ ಬಟ್ಟೆ, ಅದನ್ನೂ ಜಯಶೀಲಾ ಬಿಸಿನೀರಿನಲ್ಲಿ ಒಗೆದು ಬಿಸಿಲಲ್ಲಿ ಒಣಗಿಸಿ ತಂದಿದ್ದಳು. ಬಳ್ಳಿಯ ರಕ್ತದ ಪರೀಕ್ಷೆಯಲ್ಲಿ ಕಿಣ್ವ ಪೂರ್ತಿಯಾಗಿತ್ತು. ಸೌಂದರ್ಯಳ ಸರಿಯಾದ ಎಕ್ಸ್ ಅದಕ್ಕೆ ಬಂದಿತ್ತು. ಆ ಸೀರೆಯಲ್ಲಿ ಸುತ್ತಿದ್ದರೂ ಬಹುಶಃ ಅದಕ್ಕೆ ಏನೂ ಆಗುತ್ತಿರಲಿಲ್ಲ. ಈ ಮಾತನ್ನು ಜಯಶೀಲಾ ಯಾರಿಗೂ ಹೇಳಲಿಲ್ಲ.

ಬಾಣಂತನ ಜಯಶೀಲಾಳ ವಿದ್ಯಾನಗರದ ಮನೆಯಲ್ಲೇ ನಡೆಯಿತು. ಪುಷ್ಪಮ್ಮ ಬಂದು ಅಡಿಗೆ ಮಾಡಿದಳು, ನೀರು ಕಾಯಿಸಿದಳು, ಸೌಂದರ್ಯಳ ಸೊಂಟಕ್ಕೆ ಎಣ್ಣೆ ತಿಕ್ಕಿದಳು. ಮಗುವನ್ನು ಮಾತ್ರ ಎತ್ತಿಕೊಳ್ಳಲಿಲ್ಲ. ಕೋಣೆಯ ಬಾಗಿಲಲ್ಲಿ ಕೈಗಳನ್ನು ಬೆನ್ನಿಗೆ ಕಟ್ಟಿಕೊಂಡು ನಿಂತು ನೋಡುತ್ತಿದ್ದಳು. ಅಮ್ಮ ಇದೇನು, ಮುಟ್ಟಿದರೆ ಸವೆಯುತ್ತಾ ಎಂದು ಏನೂ ತಿಳಿಯದ ಸೌಂದರ್ಯ ರೇಗಿಸಿದಳು. ಚಾಪೆಯ ಮೇಲೆ ಮಲಗಿದ್ದ ಮಧುವಿನ ಕೈಗಳು ತಮ್ಮ ಪಾಡಿಗೆ ತಿರುಚುತ್ತಿದ್ದವು.

ಹೆಸರಿಡುವ ದಿನ ಮಗುವನ್ನು ತೊಟ್ಟಿಲಿಗೆ ಹಾಕಲು ಅಜ್ಜಿಯೇ ಬೇಕೆಂದು ಎಲ್ಲರೂ ಒತ್ತಾಯ ಮಾಡಿದರು. ಪುಷ್ಪಮ್ಮ ಹಿತ್ತಲಿಗೆ ಹೋದಳು. ಸಾಬೂನು ಹಚ್ಚಿ ಮೊಣಕೈವರೆಗೆ ತೊಳೆದಳು. ಮತ್ತೆ ಹಚ್ಚಿದಳು, ಮತ್ತೆ ತೊಳೆದಳು. ಕರೆಯಲು ಬಂದ ಜಯಶೀಲಾಳ ಮುಂದೆ, ನೀರು ತೊಟ್ಟಿಕ್ಕುವ ಎರಡೂ ಅಂಗೈಗಳನ್ನು ಅವಳ ಮುಖದ ಹತ್ತಿರಕ್ಕೆ ಚಾಚಿದಳು.

"ಮೂಸಿ ನೋಡೇ."

ಜಯಶೀಲಾ ಬಗ್ಗಿ ಮೂಸಿದಳು. ಸಾಬೂನು, ಅದರ ಕೆಳಗೆ ಒಗ್ಗರಣೆಯ ಘಮ. "ಏನೂ ಇಲ್ಲಮ್ಮ," ಎಂದಳು.

ಒಳಗೆ ತೊಟ್ಟಿಲ ಸುತ್ತ ಹೆಂಗಸರು ಕಾಯುತ್ತಿದ್ದರು. ಪುಷ್ಪಮ್ಮ ಕೈ ಕೆಳಗಿಳಿಸಲಿಲ್ಲ.

"ಸರಿಯಾಗಿ ನೋಡು," ಎಂದಳು.